ಸಂತ ತೋಮಾಸರ ಪೀಪಾಯಿ

ನಮ್ಮ ದೇಶಕ್ಕೆ ಶುಭಸಂದೇಶವನ್ನು ತಂದವರೆಂದು ನಾವು ಗೌರವಿಸುವ ಪ್ರೇಷಿತ ಸಂತ ತೋಮಾಸರ ಹಬ್ಬವು ಈಗ ಬರುವುದು ಜುಲೈ 3ರಂದು. ಆದರೆ 1969ರಲ್ಲಿ ರೋಮನ್ ಪಂಚಾಂಗವು ಪರಿಷ್ಕೃತವಾಗುವವರೆಗೆ ಅದು ಡಿಸೆಂಬರ್ 21ರಂದು, ಕ್ರಿಸ್ಮಸ್ಸಿಗೆ ನಾಲ್ಕೇ ದಿನಗಳಿರುವಾಗ ಬರುತ್ತಿತ್ತು. ಹಳೆಯ ಲತೀನ್ ಪೂಜಾಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿರುವ ಮನೆಯವರು ಪುಟ ತಿರುವಿ ನೋಡಬಹುದು.

ಯುರೋಪಿನ ಉತ್ತರದ ಅಂಚಿನಲ್ಲಿರುವ ನಾರ್ವೆ ದೇಶದ ರೈತರ ಮನೆಗಳಲ್ಲಿ ಮುದ್ರಿತ ಪಂಚಾಂಗವು ಬರುವ ಮುನ್ನ ಮರದ ಪಂಚಾಂಗವಿತ್ತು. ಅದಕ್ಕೆ ಅವರು 'ಪ್ರಿಮ್‌ಸ್ಟಾವ್' ಎನ್ನುತ್ತಾರೆ. ಚಪ್ಪಟೆಯಾದ ಒಂದು ಕೋಲು. ಒಂದು ಮಗ್ಗುಲು ಬೇಸಿಗೆಗೆ, ಇನ್ನೊಂದು ಮಗ್ಗುಲು ಚಳಿಗಾಲಕ್ಕೆ. ದಿನಕ್ಕೊಂದು ಗೀರು, ಹಬ್ಬಕ್ಕೊಂದು ಚಿತ್ರ. ಅಕ್ಷರ ತಿಳಿಯದವನೂ ಅದನ್ನು ಓದಬಲ್ಲನು. ಜುಲೈ 29ರಂದು ಸಂತ ಓಲಾವರ ಕೊಡಲಿ, ಆಗಸ್ಟ್ 10ರಂದು ಸಂತ ಲಾರೆನ್ಸರನ್ನು ಸುಟ್ಟ ಕಬ್ಬಿಣದ ಜಾಲರಿ, ನವೆಂಬರ್ 25ರಂದು ಸಂತ ಕ್ಯಾಥರೀನರ ಚಕ್ರ. ಸಂತರ ಚಿತ್ರಪಟಗಳನ್ನು ಗೋಡೆಯ ಮೇಲೆ ನೋಡುತ್ತ ಬೆಳೆದ ನಮಗೆ ಇವೆಲ್ಲ ಪರಿಚಿತವೇ. ಆದರೆ ಡಿಸೆಂಬರ್ 21ರ ಎದುರಿಗೆ ಬಂದಾಗ ನಾವು ಬೆರಗಾಗಿ ನಿಲ್ಲುತ್ತೇವೆ. ಸಂತ ತೋಮಾಸರ ಕೈಯಲ್ಲಿ ನಾವು ಕಾಣುವುದು ಈಟಿಯನ್ನು, ಇಲ್ಲವೆ ಬಡಗಿಯ ಮೂಲೆಮಟ್ಟವನ್ನು. ನಾರ್ವೆಯ ಕೋಲಿನ ಮೇಲಿರುವುದೋ, ಒಂದು ಪೀಪಾಯಿ!

ಆ ಪೀಪಾಯಿಯಲ್ಲಿರುವುದು ಬಿಯರ್. ಕ್ರಿಸ್ಮಸ್ಸಿಗೆಂದು ಮನೆಯಲ್ಲೇ ತಯಾರಿಸಿದ ಬಿಯರು ಆ ದಿನದೊಳಗೆ ಸಿದ್ಧವಾಗಿ ಪೀಪಾಯಿಯನ್ನು ಸೇರಿರಬೇಕು, ಸೌದೆ ಒಡೆದು ಮುಗಿದಿರಬೇಕು, ರೊಟ್ಟಿ ಸುಟ್ಟಾಗಿರಬೇಕು ಎಂಬುದು ಅಲ್ಲಿಯ ನಿಯಮ. ನೆರೆಹೊರೆಯವರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಹೊಸ ಬಿಯರಿನ ರುಚಿ ನೋಡುವುದೂ ಅಂದೇ. ಹೀಗಾಗಿ ಗಾಯಗಳನ್ನು ಮುಟ್ಟಿ ನೋಡದೆ ನಂಬೆನೆಂದ ನಮ್ಮ ತೋಮಾಸರಿಗೆ ಆ ಹಿಮದ ನಾಡಿನಲ್ಲಿ 'ತೋಮಾಸ್ ಬ್ರಿಗ್ಗರ್', ಅಂದರೆ ಬಿಯರ್ ತಯಾರಿಸುವ ತೋಮಾಸ, ಎಂಬ ಹೆಸರು ಬಿತ್ತು. 1537ರಲ್ಲಿ ನಾರ್ವೆಯು ಲೂಥರನ್ ಪಂಥಕ್ಕೆ ಸೇರಿತು. ಸಂತರ ಪೀಠಗಳು ಹೋದವು, ಹಬ್ಬಗಳು ಹೋದವು. ಹಳ್ಳಿಯವರ ಬಾಯಲ್ಲಿ ಈ ಹೆಸರು ಮಾತ್ರ ಹೋಗಲಿಲ್ಲ.

ಈ ಅಂಕಣದಲ್ಲಿ ಧರ್ಮಗುರುವೊಬ್ಬನು ಬಿಯರಿನ ಕುರಿತು ಬರೆಯುವುದನ್ನು ಕಂಡು ಕೆಲವು ತಾಯಂದಿರು ಹುಬ್ಬು ಗಂಟಿಕ್ಕಿಯಾರು. ಅವರ ಗಂಟಿಗೆ ಕಾರಣವಿದೆ, ಅದನ್ನು ನಾವು ಬಲ್ಲೆವು. ಕುಡಿತದಿಂದ ನಲುವತ್ತರ ಆಸುಪಾಸಿನಲ್ಲೇ ತೀರಿಕೊಂಡ ಗಂಡಸರ ಶವಸಂಸ್ಕಾರವನ್ನು ನಾವು ಒಂದಲ್ಲ, ಎರಡಲ್ಲ, ಎಷ್ಟೋ ನಡೆಸಿದ್ದೇವೆ. ಸಮಾಧಿಯ ಬಳಿ ನಿಂತ ಮಕ್ಕಳ ಮುಖವನ್ನು ನೋಡಲಾರದೆ ಪುಸ್ತಕದ ಮೇಲೆ ಕಣ್ಣಿಟ್ಟು ಪ್ರಾರ್ಥನೆ ಓದಿದ್ದೇವೆ. ಆದ್ದರಿಂದ ಇದನ್ನು ಹಗುರವಾಗಿ ಬರೆಯುತ್ತಿಲ್ಲ. ಆದರೆ ಒಂದು ಜನಾಂಗವು ಸಾವಿರ ವರ್ಷ ಈ ಪಾನೀಯವನ್ನು ಯಾವ ಕಟ್ಟಿನಲ್ಲಿ ಇಟ್ಟುಕೊಂಡಿತ್ತು, ಆ ಕಟ್ಟು ಯಾವಾಗ ಸಡಿಲಿತು ಎಂಬುದನ್ನು ತಿಳಿದಾಗ ನಮ್ಮ ಮನೆಗಳ ಕುರಿತೂ ಯೋಚನೆ ಹುಟ್ಟಿತು. ಅದನ್ನು ಓದುಗರೊಡನೆ ಹಂಚಿಕೊಳ್ಳದೆ ಇರಲಾಗಲಿಲ್ಲ.

ಕಥೆ ಹತ್ತನೆಯ ಶತಮಾನದಿಂದ ತೊಡಗುತ್ತದೆ. ನಾರ್ವೆಯ ರಾಜಕುಮಾರ ಹಾಕೋನನು ಇಂಗ್ಲೆಂಡಿನ ದೊರೆ ಆಥೆಲ್‌ಸ್ಟಾನನ ಆಸ್ಥಾನದಲ್ಲಿ ಕ್ರೈಸ್ತನಾಗಿ ಬೆಳೆದವನು. ಸ್ವದೇಶಕ್ಕೆ ಮರಳಿ ರಾಜನಾದಾಗ ಪ್ರಜೆಗಳೆಲ್ಲ ಥೋರ್, ಓಡಿನ್ ಮುಂತಾದ ಹಳೆಯ ದೇವತೆಗಳ ಆರಾಧಕರು. ಅವನು ಖಡ್ಗ ಹಿಡಿಯಲಿಲ್ಲ. ಅವರ ಚಳಿಗಾಲದ 'ಯೂಲ್' ಹಬ್ಬವನ್ನು ಕ್ರಿಸ್ಮಸ್ಸಿನ ದಿನಕ್ಕೆ ಸರಿಸಿದನು. ಪ್ರತಿಯೊಬ್ಬನೂ ಒಂದು ಅಳತೆಯ ಮಾಲ್ಟಿನಿಂದ ಬಿಯರ್ ತಯಾರಿಸಬೇಕು, ತಪ್ಪಿದರೆ ದಂಡ ತೆರಬೇಕು, ಆ ಬಿಯರು ಇರುವಷ್ಟು ಕಾಲ ಹಬ್ಬವನ್ನು ಪವಿತ್ರವಾಗಿ ಆಚರಿಸಬೇಕು ಎಂದು ಕಟ್ಟಳೆ ಮಾಡಿದನು. ಐಸ್‌ಲೆಂಡಿನ ಇತಿಹಾಸಕಾರ ಸ್ನೋರಿ ಸ್ಟುರ್ಲುಸನ್ ಹದಿಮೂರನೆಯ ಶತಮಾನದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಅವನೇ ಹೇಳುವ ಇನ್ನೊಂದು ಪ್ರಸಂಗವೂ ಇದೆ. ಬಲಿಯ ಔತಣವೊಂದರಲ್ಲಿ ರಾಜನ ಕೈಗೆ ಕೊಂಬಿನ ಪಾನಪಾತ್ರೆ ಬಂದಾಗ ಅವನು ಅದರ ಮೇಲೆ ಶಿಲುಬೆಯ ಗುರುತು ಮಾಡಿದನು. ರೈತರು ಕೆರಳಿದರು. ಆಗ ಪಕ್ಕದಲ್ಲಿದ್ದ ಸಿಗುರ್ದ್ ಎಂಬ ಸಾಮಂತನು, "ರಾಜರು ಮಾಡಿದ್ದು ಥೋರನ ಸುತ್ತಿಗೆಯ ಗುರುತು" ಎಂದು ಹೇಳಿ ಗದ್ದಲವನ್ನು ತಣ್ಣಗಾಗಿಸಿದನು. ಹಾಕೋನನು ತನ್ನ ಜೀವಿತದಲ್ಲಿ ಪ್ರಜೆಗಳನ್ನು ಕ್ರೈಸ್ತರನ್ನಾಗಿ ಮಾಡಲಾರದೆ ಹೋದನು. ಅವನು ನೆಟ್ಟ ಹಬ್ಬದ ದಿನ ಮಾತ್ರ ಉಳಿಯಿತು.

ಮುಂದೆ ದೇಶವೆಲ್ಲ ಕ್ರೈಸ್ತವಾದ ಮೇಲೆ ಪಶ್ಚಿಮ ನಾರ್ವೆಯ ಗುಲಾತಿಂಗ್ ನ್ಯಾಯಸಭೆಯ ಕಾನೂನು ಲಿಖಿತವಾಯಿತು. ಸುಮಾರು 1250ರ ಒಂದು ಹಸ್ತಪ್ರತಿಯಲ್ಲಿ ಅದು ನಮಗೆ ದೊರಕಿದೆ. ಅದರ ಧಾರ್ಮಿಕ ಭಾಗವನ್ನು ಓದುವಾಗ ನಗು ಬರುತ್ತದೆ, ಮರುಕ್ಷಣ ನಗು ನಿಲ್ಲುತ್ತದೆ. ಸಕಲ ಸಂತರ ಹಬ್ಬಕ್ಕೆ ಒಮ್ಮೆ, ಕ್ರಿಸ್ಮಸ್ಸಿಗೆ ಇನ್ನೊಮ್ಮೆ ರೈತನು ಬಿಯರ್ ತಯಾರಿಸಲೇಬೇಕು. ತಯಾರಿಸಿ ತಾನೊಬ್ಬನೇ ಕುಡಿಯುವಂತಿಲ್ಲ. ಕಡಿಮೆಯೆಂದರೆ ಮೂರು ಮನೆಯವರು ಕೂಡಿ ಕುಡಿಯಬೇಕು. ಕ್ರಿಸ್ಮಸ್ ರಾತ್ರಿ ಅದನ್ನು ಕ್ರಿಸ್ತರಿಗೂ ಮಾತೆ ಮರಿಯಮ್ಮನವರಿಗೂ ಕೃತಜ್ಞತೆಯಾಗಿ, ಒಳ್ಳೆಯ ಬೆಳೆಗಾಗಿ, ಶಾಂತಿಗಾಗಿ ಆಶೀರ್ವದಿಸಬೇಕು. ಮಾಡದವನು ಧರ್ಮಾಧ್ಯಕ್ಷರಿಗೆ ಮೂರು ಮಾರ್ಕ್ ದಂಡ ತೆರಬೇಕು. ಮೂರು ಚಳಿಗಾಲ ಹಾಗೆಯೇ ತಪ್ಪಿಸಿದವನ ಆಸ್ತಿಯೆಲ್ಲ ಮುಟ್ಟುಗೋಲು: ಅರ್ಧ ರಾಜನಿಗೆ, ಅರ್ಧ ಧರ್ಮಾಧ್ಯಕ್ಷರಿಗೆ. ಪಾಪನಿವೇದನೆ ಮಾಡಿ ಪ್ರಾಯಶ್ಚಿತ್ತ ಕೈಗೊಂಡರೆ ದೇಶದಲ್ಲಿರಬಹುದು. ಇಲ್ಲವಾದರೆ ರಾಜ್ಯ ಬಿಟ್ಟು ಹೋಗಬೇಕು. ದೂರದ ದ್ವೀಪದಲ್ಲೋ ಬೆಟ್ಟದ ಮೇಲೋ ಒಂಟಿಯಾಗಿರುವವನ ಗತಿಯೇನೆಂಬುದನ್ನೂ ಕಾನೂನು ಮರೆಯಲಿಲ್ಲ. ಅವನು ಮೂರು ಮನೆಗಳಿಗಾಗುವಷ್ಟನ್ನು ತಾನೇ ತಯಾರಿಸಬೇಕು!

ಬಿಯರ್ ಮಾಡದ್ದಕ್ಕೆ ಗಡೀಪಾರು! ಆದರೆ ಕಾನೂನಿನ ಕಣ್ಣು ಪಾನೀಯದ ಮೇಲಿರಲಿಲ್ಲ, ಮೂರು ಮನೆಗಳ ಮೇಲಿತ್ತು ಎಂಬುದು ನಮ್ಮ ಅಭಿಪ್ರಾಯ. ಕಣಿವೆ ಕಣಿವೆಗಳಲ್ಲಿ ಹರಡಿಕೊಂಡಿದ್ದ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಒಬ್ಬರ ಮುಖವನ್ನೊಬ್ಬರು ಕಾಣದ, ಗಡಿಗಲ್ಲಿಗೂ ಹುಲ್ಲುಗಾವಲಿಗೂ ಜಗಳವಾಡುತ್ತಿದ್ದ ಜನರನ್ನು ವರ್ಷಕ್ಕೆರಡು ಬಾರಿ ಒಂದು ಮೇಜಿನ ಸುತ್ತ ಕುಳ್ಳಿರಿಸುವುದು ಅದರ ಗುರಿ. ಒಳ್ಳೆಯ ಬೆಳೆ ಮತ್ತು ಶಾಂತಿ ಎಂಬ ಹರಕೆಯಾದರೂ ಹಳೆಯ ದೇವತೆಗಳ ಔತಣದಲ್ಲಿ ಕೇಳಿಬರುತ್ತಿದ್ದುದೇ. ಅದೇ ಹರಕೆ ಈಗ ಕ್ರಿಸ್ತರ ಕಡೆಗೆ ತಿರುಗಿತು.

ಬಿಯರಿನ ಮೇಲಿನ ಈ ಭಕ್ತಿ ಒಮ್ಮೊಮ್ಮೆ ಮೇರೆ ಮೀರಿದ್ದೂ ಉಂಟು. ನೀರಿನ ಅಭಾವದಿಂದ ಕೆಲವು ಶಿಶುಗಳಿಗೆ ಬಿಯರಿನಿಂದ ಜ್ಞಾನಸ್ನಾನ ಕೊಡಲಾಗಿದೆ, ಅದು ಸಿಂಧುವೇ ಎಂಬ ಪ್ರಶ್ನೆ ನಾರ್ವೆಯಿಂದ ರೋಮಿಗೆ ಹೋಯಿತು. 1241ರ ಜುಲೈಯಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರು ನಿದರೋಸಿನ ಮಹಾಧರ್ಮಾಧ್ಯಕ್ಷ ಸಿಗುರ್ದರಿಗೆ ಉತ್ತರ ಬರೆದು, ನೀರಿನಿಂದಲೂ ಪವಿತ್ರಾತ್ಮರಿಂದಲೂ ಹುಟ್ಟಬೇಕಾದುದರಿಂದ ಅಂಥ ಜ್ಞಾನಸ್ನಾನ ಸಲ್ಲದು ಎಂದು ಸ್ಪಷ್ಟಪಡಿಸಿದರು. ಧರ್ಮಸಭೆಯ ಬೋಧನೆಗಳ ಸಂಗ್ರಹದಲ್ಲಿ ಆ ಪತ್ರ ಇಂದಿಗೂ ಇದೆ. ಹಿಮ, ಹೊಳೆ, ಜಲಪಾತಗಳ ನಾಡಿನಲ್ಲಿ ನೀರಿನ ಅಭಾವವೇ ಎಂದು ಕೇಳಬೇಡಿ. ಸೆಮಿನರಿಯಲ್ಲಿ ನಾವೂ ಕೇಳಿ ನಕ್ಕಿದ್ದೆವು. ಬಿಯರಿನಲ್ಲಿ ತಪ್ಪು ಕಂಡ ಧರ್ಮಸಭೆಯಲ್ಲ ಇದು ಎಂಬುದಕ್ಕೆ ರೋಮನ್ ವಿಧಿಗ್ರಂಥದಲ್ಲಿ ಬಿಯರನ್ನು ಆಶೀರ್ವದಿಸುವ ಪ್ರತ್ಯೇಕ ಪ್ರಾರ್ಥನೆಯಿರುವುದೇ ಸಾಕ್ಷಿ.

ಅವರ ಭಾಷೆಯಲ್ಲೂ ಇದು ಬೇರೂರಿದೆ. 'ಓಲ್' ಎಂದರೆ ಬಿಯರ್; ಔತಣವೆಂಬ ಅರ್ಥವೂ ಅದಕ್ಕಿತ್ತು. ಮಗು ಹುಟ್ಟಿದಾಗ ನಡೆಯುವ ಔತಣ 'ಬಾರ್ನ್ಸ್ ಓಲ್', ಅಂದರೆ ಮಗುವಿನ ಬಿಯರ್. ಅದೇ ಸವೆದು 'ಬಾರ್ಸೆಲ್' ಆಗಿ, ಇಂದು ನಾರ್ವೆಯ ಹೆಣ್ಣುಮಗಳು ಪಡೆಯುವ ಹೆರಿಗೆ ರಜೆಯ ಹೆಸರಿನಲ್ಲಿ ಕುಳಿತಿದೆ. ಶವಸಂಸ್ಕಾರದ ಬಳಿಕ ಬಂಧುಗಳು ಸೇರುವುದು 'ಗ್ರಾವ್ ಓಲ್', ಸಮಾಧಿಯ ಬಿಯರ್. ಹುಟ್ಟಿನಿಂದ ಸಾವಿನವರೆಗೆ ಒಂದೇ ಪೀಪಾಯಿ.

ಈ ಬಿಯರನ್ನು ಹೇಗೆ ಮಾಡುತ್ತಾರೆ? ನಮ್ಮ ತಾಯಂದಿರಿಗೆ ಅರ್ಧ ಕೆಲಸ ಹೇಳದೆಯೇ ತಿಳಿಯುತ್ತದೆ. ಮಗುವಿಗೆ ರಾಗಿ ಮಾಲ್ಟ್ ಮಾಡುವವರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಪುಡಿಮಾಡುವುದಿಲ್ಲವೇ? ಅಲ್ಲಿ ರಾಗಿಯ ಬದಲು ಬಾರ್ಲಿ. ಹಿಂದೆ ಮೂಟೆಯನ್ನೇ ತೊರೆಯಲ್ಲಿ ಮುಳುಗಿಸಿ ನೆನೆಸುತ್ತಿದ್ದರು. ಟ್ರೋಂಡ್‌ಹೈಮಿನ ಸಮೀಪದ ಸ್ಟ್ಯೋರ್ದಾಲ್ ಪ್ರದೇಶದಲ್ಲಿ ಇಂದಿಗೂ ರೈತರು ತಮ್ಮ ಮಾಲ್ಟನ್ನು ತಾವೇ ಆಲ್ಡರ್ ಮರದ ಸೌದೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ. ಅದಕ್ಕೆಂದೇ ಚಿಕ್ಕ ಮನೆಗಳಿವೆ. ಕೆಲವನ್ನು ನಾಲ್ಕಾರು ಕುಟುಂಬಗಳು ಸೇರಿ ಕಟ್ಟಿಕೊಂಡಿರುತ್ತವೆ. ಮೊಳಕೆಯೊಡೆದ ಧಾನ್ಯವನ್ನು ಹಲಗೆಗಳ ಮೇಲೆ ಹರಡಿ ಕೆಳಗಿನಿಂದ ಬೆಂಕಿ ಕೊಡುವಾಗ ಹೊಗೆಯೆಲ್ಲ ಅದರೊಳಗೆ ಇಳಿಯುತ್ತದೆ. ಹಾಗಾಗಿ ಅಲ್ಲಿಯ ಬಿಯರಿಗೆ ಹೊಗೆಯ ರುಚಿ.

ಎರಡನೆಯದು ಜುನಿಪರ್. ನಾರ್ವೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ, ಸೂಜಿಯಂಥ ಎಲೆಗಳ ಪೊದೆ. ಬಿಯರ್ ಮಾಡುವ ದಿನ ಬೆಳಗ್ಗೆ ಅದರ ಕೊಂಬೆಗಳನ್ನು ಕಡಿದು ತಂದು ದೊಡ್ಡ ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸುತ್ತಾರೆ. ಹಂಡೆಯ ಕೆಳಗೆ ಸೌದೆಯ ಒಲೆ. ನೀರು ಹಳದಿಗೆ ತಿರುಗಿ ಕಾಡಿನ ಪರಿಮಳ ಹಿಡಿದಾಗ ಅದನ್ನು ಮಾಲ್ಟಿನ ಮೇಲೆ ಸುರಿದು ಬಿಡುತ್ತಾರೆ. ಗಂಟೆಗಳು ಕಳೆದಂತೆ ಧಾನ್ಯದ ಪಿಷ್ಟವು ಸಕ್ಕರೆಯಾಗಿ ನೀರೆಲ್ಲ ಸಿಹಿಯಾಗುತ್ತದೆ. ಮರದ ತೊಟ್ಟಿಯ ತಳದಲ್ಲಿ ಮತ್ತೆ ಜುನಿಪರ್ ಕೊಂಬೆಗಳನ್ನು ಹಾಸಿರುತ್ತಾರೆ. ಅವೇ ಸೋಸುವ ಜರಡಿ. ತಳದ ತೂಬಿನಿಂದ ಸಿಹಿರಸ ದಾರದಂತೆ ಸಣ್ಣಗೆ ಇಳಿಯಬೇಕು. ಅವಸರ ಮಾಡಿದರೆ ಹೊಟ್ಟು ಕಟ್ಟಿಕೊಂಡು ದಿನವೇ ಕೆಟ್ಟಂತೆ. ವೋಸ್ ಎಂಬ ಪ್ರದೇಶದಲ್ಲಿ ಈ ರಸವನ್ನು ಹಾಪ್ಸ್ ಹೂವಿನ ಚೀಲದೊಡನೆ ಮೂರು ನಾಲ್ಕು ಗಂಟೆ ಕುದಿಸಿ ಕೆಂಪು ಕಂದು ಬಣ್ಣಕ್ಕೆ ತರುತ್ತಾರೆ. ಹೋರ್ನಿಂದಾಲ್ ಕಡೆಯವರು ಕುದಿಸುವುದೇ ಇಲ್ಲ. ಅಂಥ ಹಸಿ ಬಿಯರು ಬಹುಕಾಲ ಇರಲಾರದು, ಬೇಗ ಕುಡಿದು ಮುಗಿಸಬೇಕು. ಹಾಗೆಂದರೆ ನೆರೆಯವರನ್ನು ಕರೆಯಲೇಬೇಕು. ಬೆಳಗಿನ ಜಾವ ತೊಡಗಿದ ಕೆಲಸ ರಾತ್ರಿಗೆ ಮುಗಿಯುತ್ತದೆ. ಬಹುಕಾಲ ಇದು ಗೃಹಿಣಿಯರ ಕೈಯಲ್ಲಿದ್ದ ವಿದ್ಯೆ.

ಇಲ್ಲಿಯವರೆಗೆ ಆದದ್ದು ಸಿಹಿನೀರು ಮಾತ್ರ. ಅದಕ್ಕೆ ಜೀವ ಬರುವುದು ಹುದುಗಿನಿಂದ. ನಾರ್ವೆಯ ಪಶ್ಚಿಮ ಕಣಿವೆಗಳಲ್ಲಿ ಮನೆಯ ಹುದುಗಿಗೆ 'ಕ್ವೈಕ್' ಎಂದು ಹೆಸರು. ಬೆಂಕಿ ಹೊತ್ತಿಸುವುದಕ್ಕೂ ಅವರಲ್ಲಿ ಇದೇ ಮೂಲದ ಕ್ರಿಯಾಪದ. ನಮ್ಮಲ್ಲಿ ಮೊಸರಿನ ಹೆಪ್ಪು ಇದ್ದ ಹಾಗೆ: ಈ ದಿನದ ಮೊಸರಿನಿಂದ ಒಂದು ಚಮಚ ತೆಗೆದಿಟ್ಟರೆ ನಾಳೆಯ ಹಾಲು ಮೊಸರಾಗುತ್ತದೆ, ತೆಗೆದಿಡಲು ಮರೆತರೆ ಪಕ್ಕದ ಮನೆಗೆ ಬಟ್ಟಲು ಹಿಡಿದುಕೊಂಡು ಹೋಗಬೇಕು. ಅವರೂ ಹಾಗೆಯೇ, ಬಿಯರು ಹುದುಗಿ ನಿಂತಾಗ ಮೇಲೆ ತೇಲಿದ ಅಥವಾ ತಳದಲ್ಲಿ ಕುಳಿತ ಹುದುಗನ್ನು ಎತ್ತಿ ಇಡುತ್ತಾರೆ. ಆದರೆ ಅವರು ಬಿಯರ್ ಮಾಡುವುದು ವರ್ಷಕ್ಕೆ ಕೆಲವೇ ಸಲ. ಅಷ್ಟು ಕಾಲ ಹೆಪ್ಪು ಕೆಡದಿರುವುದು ಹೇಗೆ? ಒಣಗಿಸುತ್ತಾರೆ. ನಾರುಬಟ್ಟೆಯ ಮೇಲೆ ಸವರಿ, ಹುಲ್ಲಿನ ಸಿಂಬೆಯನ್ನು ಅದರಲ್ಲಿ ಅದ್ದಿ, ತೂತು ಕೊರೆದ ಮರದ ತುಂಡಿನಲ್ಲಿ ತುಂಬಿ, ಇಲ್ಲವೆ ಚಿಕ್ಕ ಚಿಕ್ಕ ಮರದ ಚೂರುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಉಂಗುರವನ್ನು ಅದರಲ್ಲಿ ಮುಳುಗಿಸಿ ತೂಗಹಾಕುತ್ತಿದ್ದರು. ಒಂದು ವರ್ಷವಾದರೂ ಅದರ ಜೀವ ಹೋಗದು. ಮತ್ತೆ ಸಿಹಿರಸಕ್ಕೆ ಹಾಕಿದಾಗ ಕೆಲವೇ ಗಂಟೆಗಳಲ್ಲಿ ನೊರೆಯುಕ್ಕುತ್ತದೆ. ಎರಡು ದಿನಗಳಲ್ಲಿ ಬಿಯರು ಸಿದ್ಧ. ಹುದುಗು ಹಾಕುವಾಗ ಗಟ್ಟಿಯಾಗಿ ಕೂಗುವ ಪದ್ಧತಿಯೂ ಕೆಲವೆಡೆ ಇದೆ. ಕೂಗು ಜೋರಾದಷ್ಟೂ ಬಿಯರು ಬಲವಾಗುವುದೆಂದು ನಂಬಿಕೆ.

ಈ ಹುದುಗು ಏನೆಂದು ತಿಳಿಯದ ಕಾಲದಲ್ಲಿ ಜನರು ಅದಕ್ಕೆ ಕಥೆ ಕಟ್ಟಿದರು. ವೋಸ್ ಪ್ರದೇಶವಿರುವ ಹೋರ್ದಾಲಾಂಡಿನ ರಾಜನೊಬ್ಬನ ಇಬ್ಬರು ರಾಣಿಯರು ಜಗಳವಾಡಿದರಂತೆ. ಯಾರ ಬಿಯರು ಉತ್ತಮವೋ ಅವಳೇ ಉಳಿಯಲಿ ಎಂದು ರಾಜ ತೀರ್ಪಿತ್ತನು. ಗೈರ್‌ಹಿಲ್ದ್ ಎಂಬವಳು ಓಡಿನ್ ದೇವತೆಯನ್ನು ಬೇಡಿದಳು. ಅವನು ತನ್ನ ಉಗುಳನ್ನೇ ಹುದುಗಾಗಿ ಕೊಟ್ಟು, ಬೆಲೆಯಾಗಿ ಅವಳಿಗೂ ತೊಟ್ಟಿಗೂ ನಡುವೆ ಇರುವುದನ್ನು ಕೇಳಿದನು. ಇದ್ದುದು ಅವಳ ಹೊಟ್ಟೆಯಲ್ಲಿದ್ದ ಮಗು. ಬಿಯರಿನಲ್ಲಿ ಗೆದ್ದಳು, ಮಗನನ್ನು ಕಳೆದುಕೊಂಡಳು. ಈ ಕಥೆಯನ್ನು ಓದಿದಂದಿನಿಂದ ಅದು ನಮ್ಮನ್ನು ಬಿಟ್ಟಿಲ್ಲ. ಕುಡಿತದ ಬೆಲೆಯನ್ನು ಕೊನೆಗೆ ತೆರುವವರು ಯಾರೆಂಬುದನ್ನು ಆ ಕ್ರೈಸ್ತಪೂರ್ವ ಕಥೆಗಾರನು ಕಂಡಿದ್ದನೇ?

ವಿಜ್ಞಾನದ ಉತ್ತರ ಬಹಳ ತಡವಾಗಿ ಬಂತು. ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ 1857ರಿಂದ ಪ್ರತಿಪಾದಿಸಿದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದ ಸಂತತಿಯಾದ ಶುದ್ಧ ಯೀಸ್ಟನ್ನು ಬೆಳೆಸಿದರು. ಅಂದಿನಿಂದ ಕಾರ್ಖಾನೆಗಳ ಬಿಯರು ಎಲ್ಲೆಡೆಯೂ ಒಂದೇ ಬಗೆಯದಾಗುತ್ತ ಬಂತು. ರೈತರ ಮನೆಯ ಕ್ವೈಕ್ ಮಾತ್ರ ಹೆಚ್ಚಾಗಿ ಹಲವು ಯೀಸ್ಟುಗಳ ಕೂಡುಕುಟುಂಬ. ಒಂದು ಮನೆಯದಕ್ಕೆ ಕಿತ್ತಳೆ ಸಿಪ್ಪೆಯ ಪರಿಮಳ, ಇನ್ನೊಂದರದಕ್ಕೆ ಹಾಲು ಮಿಠಾಯಿಯದು. 2018ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಪರೀಕ್ಷಿಸಿ, ಇದು ಜಗತ್ತಿನ ಬೇರೆ ಬಿಯರ್ ಯೀಸ್ಟುಗಳಿಂದ ಬೇರೆಯಾದ ಒಂದು ಕುಲವೆಂದು ಪ್ರಕಟಿಸಿದರು. ಅಚ್ಚರಿಯೆಂದರೆ, ಹಿಮದ ನಾಡಿನ ಈ ಹುದುಗಿಗೆ ಬಿಸಿ ಇಷ್ಟ. ಸಾಮಾನ್ಯವಾದ ಬಿಯರ್ ಯೀಸ್ಟಿಗೆ ಇಪ್ಪತ್ತು ಡಿಗ್ರಿಯ ಆಸುಪಾಸಿನ ತಂಪು ಬೇಕು. ವೋಸಿನ ರೈತನು 39, 40 ಡಿಗ್ರಿ ಬಿಸಿಯಿರುವಾಗಲೇ ಕ್ವೈಕನ್ನು ಹಾಕುತ್ತಾನೆ. ನಮ್ಮ ಕರಾವಳಿಯ ಮೇ ತಿಂಗಳು ಅದಕ್ಕೆ ಹಿತವಾದೀತು! ಹೀಗೆಂದ ಮಾತ್ರಕ್ಕೆ ಯಾರೂ ಹಂಡೆ ಇಳಿಸಬೇಡಿ: ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ತತ್ವಶಾಸ್ತ್ರದ ಹಳೆಯ ಅಭ್ಯಾಸದಿಂದ ಒಂದು ಪ್ರಶ್ನೆ ಏಳುತ್ತದೆ. ಇಂದು ಮೊಮ್ಮಗನು ಹಾಕುವ ಹುದುಗು ಅಜ್ಜನು ಹಾಕಿದ್ದೇ? ಅಜ್ಜನ ಕಾಲದ ಒಂದು ಕೋಶವೂ ಇಂದು ಉಳಿದಿಲ್ಲ. ನಡುವೆ ಒಮ್ಮೆ ಕೆಟ್ಟು ನೆರೆಮನೆಯಿಂದ ತಂದದ್ದೂ ಇರಬಹುದು. ಆ ನೆರೆಯವನು ತನ್ನದು ಕೆಟ್ಟಾಗ ಇದೇ ಅಜ್ಜನಿಂದ ಒಯ್ದಿದ್ದನೋ ಏನೋ. ಆದರೂ ಅವರು ಅದನ್ನು 'ನಮ್ಮ ಮನೆಯ ಕ್ವೈಕ್' ಎನ್ನುತ್ತಾರೆ, ಹಾಗೆನ್ನುವುದು ಸರಿ ಎಂದೇ ನಮಗೆ ತೋರುತ್ತದೆ. ಬೀಗ ಹಾಕಿ ಇಟ್ಟವನ ಹುದುಗು ಒಂದು ಕೆಟ್ಟ ಚಳಿಗಾಲದಲ್ಲಿ ಅಳಿದುಹೋಗುತ್ತದೆ. ಹತ್ತು ಮನೆಗಳಿಗೆ ಕೊಟ್ಟವನದು ಎಲ್ಲಾದರೂ ಒಂದು ಕಡೆ ಬದುಕಿರುತ್ತದೆ.

ಆದರೂ ಬಹಳಷ್ಟು ಅಳಿದುಹೋಯಿತು. ಪೇಟೆಯ ಬಿಯರು ಸುಲಭವಾಗಿ ಸಿಗತೊಡಗಿತು, ಪೊಟ್ಟಣದ ಯೀಸ್ಟು ಅಂಗಡಿಗೆ ಬಂತು, ಮಕ್ಕಳು ಪಟ್ಟಣ ಸೇರಿದರು. ಒಡ್ ನೋರ್ಡ್ಲಾಂಡ್ ಎಂಬ ವಿದ್ವಾಂಸರು ದೇಶದಾದ್ಯಂತದ ವೃದ್ಧರಿಂದ ಬಂದ ಉತ್ತರಗಳನ್ನು ಕ್ರೋಡೀಕರಿಸಿ 1969ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದಾಗ ಅದು ಮುಗಿದುಹೋದ ಲೋಕವೊಂದರ ಚರಿತ್ರೆಯಂತೆ ಕಂಡಿರಬೇಕು. ಈಚೆಗೆ ಲಾರ್ಸ್ ಮಾರಿಯಸ್ ಗಾರ್ಶೋಲ್ ಎಂಬವರು ಮನೆಮನೆ ತಿರುಗಿ ನೋಡಿ, ಅದು ಮುಗಿದಿಲ್ಲವೆಂದು ತೋರಿಸಿಕೊಟ್ಟರು. 2020ರಲ್ಲಿ ಬಂದ ಅವರ ಇಂಗ್ಲಿಷ್ ಗ್ರಂಥದಿಂದ ಹೊರಜಗತ್ತಿಗೂ ಇದು ತಿಳಿಯಿತು. ವಿಚಿತ್ರವೆಂದರೆ, ಉಳಿದವರೆಲ್ಲರ ಬಳಿ ಉಳಿದದ್ದು ಅರ್ಧರ್ಧ. ಮಾಲ್ಟ್ ಮಾಡುವ ವಿದ್ಯೆಯನ್ನು ಬಿಡದ ಸ್ಟ್ಯೋರ್ದಾಲಿನವರು ಹುದುಗನ್ನು ಕಳೆದುಕೊಂಡು ರೊಟ್ಟಿಯ ಯೀಸ್ಟ್ ಬಳಸುತ್ತಿದ್ದಾರೆ. ಹುದುಗನ್ನು ಕಾಪಾಡಿಕೊಂಡ ವೋಸ್, ಹೋರ್ನಿಂದಾಲಿನವರು ಮಾಲ್ಟನ್ನು ಕೊಂಡು ತರುತ್ತಾರೆ.

ಹಿಂದಿನದೆಲ್ಲ ಚಿನ್ನವೆಂದು ಹೇಳಲು ನಾವು ಹೊರಟಿಲ್ಲ. ಆ ನಾಡಿನ ಪುರಾತನ ಕಥೆಗಳಲ್ಲಿ ಔತಣದ ಅಮಲಿನಲ್ಲಿ ನಡೆದ ಕೊಲೆಗಳು ಬೇಕಾದಷ್ಟಿವೆ. ಬಿಯರ್ ಮಾಡಬೇಕೆಂದು ವಿಧಿಸಿದ ಅದೇ ದೇಶವು 1274ರಲ್ಲಿ ರಾಜ ಮಾಗ್ನುಸನ ಕಾನೂನಿನ ಮೂಲಕ, ನ್ಯಾಯಸಭೆಗೆ ಬರುವವರು ಉಪವಾಸದಲ್ಲೇ ಬರಬೇಕು, ಅಲ್ಲಿಗೆ ಮದ್ಯ ತರಕೂಡದು ಎಂದೂ ವಿಧಿಸಿತು. ಕುಡಿಯಬೇಕಾದ ಮೇಜು ಯಾವುದು, ಕುಡಿಯಬಾರದ ಮೇಜು ಯಾವುದು ಎಂಬ ವಿವೇಕವಿತ್ತು. ಸಂತ ತೋಮಾಸ್ ಅಕ್ವಿನಾಸರು (ಇವರು ಇನ್ನೊಬ್ಬ ತೋಮಾಸರು) ದ್ರಾಕ್ಷಾರಸವನ್ನು ಕುರಿತು ವಿಚಾರಿಸಿದ್ದೂ ಇದೇ ಕಾಲದಲ್ಲಿ: ವಸ್ತುವಿನಲ್ಲಿ ದೋಷವಿಲ್ಲ, ಕುಡಿಯುವವನ ಸ್ಥಿತಿ, ಅಳತೆ, ಪರರಿಗೆ ಆಗುವ ಎಡವು ಇವುಗಳಿಂದ ದೋಷ ಬರುತ್ತದೆ.

ಕಟ್ಟು ಸಡಿಲಿದ್ದು ಬಟ್ಟಿ ಸಾರಾಯಿಯಿಂದ. 1816ರಲ್ಲಿ ರೈತರಿಗೆ ಮನೆಯಲ್ಲೇ ಬಟ್ಟಿ ಇಳಿಸುವ ಸ್ವಾತಂತ್ರ್ಯ ದೊರೆಯಿತು. ಬಿಯರಿಗೆ ಮೊಳಕೆ, ಕೊಂಬೆ, ಹಂಡೆ, ಹುದುಗು, ನೆರೆಯವರು, ಹಬ್ಬ ಎಲ್ಲವೂ ಬೇಕು. ಸಾರಾಯಿಗೆ ನೆರೆಯವರೂ ಬೇಡ, ಹಬ್ಬವೂ ಬೇಡ. ಬಾಟಲಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟರೆ ಯಾವ ದಿನವಾದರೂ ಒಬ್ಬನೇ ಕುಡಿಯಬಹುದು. ಕುಡುಕತನ ಎಷ್ಟು ಹಬ್ಬಿತೆಂದರೆ 1845ರ ಕಾನೂನಿನಿಂದ ಮನೆಯ ಬಟ್ಟಿಗಳಿಗೆ ಕಡಿವಾಣ ಹಾಕಬೇಕಾಯಿತು. ಪಾನವಿರೋಧಿ ಚಳವಳಿಯು ದೊಡ್ಡದಾಗಿ ಬೆಳೆದು, 1919ರ ಜನಮತಗಣನೆಯಲ್ಲಿ ಸಾರಾಯಿ ನಿಷೇಧಕ್ಕೆ ಬಹುಮತ ದೊರೆಯಿತು. 1926ರಲ್ಲಿ ಜನರೇ ಅದನ್ನು ಬೇಡವೆಂದರು. ನಿಷೇಧದ ಪರವಾಗಿ ಹೆಚ್ಚು ಬಲವಾಗಿ ನಿಂತ ಪ್ರದೇಶಗಳಲ್ಲಿ ಈ ಪಶ್ಚಿಮ ನಾರ್ವೆಯೂ ಒಂದು. ಭಕ್ತಿಯುಳ್ಳ ಕುಟುಂಬಗಳಲ್ಲಿ ಪೀಪಾಯಿಯನ್ನೇ ಮೂಲೆಗೆ ತಳ್ಳಿದವರೂ ಇದ್ದರು. ಅವರನ್ನು ನಾವು ದೂಷಿಸಲಾರೆವು. ಗೈರ್‌ಹಿಲ್ದಳ ಕಥೆ ಅವರ ಮನೆಯಲ್ಲೇ ನಡೆದಿರಬಹುದು.

ನಮ್ಮ ಮನೆಗಳಲ್ಲಿ? ಮದುವೆಯ ಮುನ್ನಾದಿನದ ರೋಸ್ ಆಚರಣೆಯಲ್ಲಿ ಹಿರಿಯರೊಬ್ಬರು ಪ್ರಾರ್ಥನೆ ಹೇಳಿದ ಮೇಲೆಯೇ ಎಲ್ಲರಿಗೂ ಚಿಕ್ಕ ಲೋಟದಲ್ಲಿ ಕೊಡುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಕ್ರಿಸ್ಮಸ್ಸಿಗೆಂದು ಅಜ್ಜಿಯಂದಿರು ಭರಣಿಯಲ್ಲಿ ದ್ರಾಕ್ಷಿ ಹಾಕಿಡುತ್ತಿದ್ದುದನ್ನೂ, ಅದನ್ನು ನೆಂಟರು ಬಂದ ದಿನವೇ ತೆರೆಯುತ್ತಿದ್ದುದನ್ನೂ ಕಂಡಿದ್ದೇವೆ. ಈಗ ಮನೆ ಭೇಟಿಗೆ ಹೋದಾಗ ಹೆಂಡತಿಯು ತಗ್ಗಿದ ದನಿಯಲ್ಲಿ ಹೇಳುವ ಮಾತು ಬೇರೆ: "ಫಾದರ್, ಇವರು ಯಾರೊಂದಿಗೂ ಕುಳಿತು ಕುಡಿಯುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ." ಗುಲಾತಿಂಗಿನ ಕಾನೂನಿನ ಮೂರು ಮನೆಗಳನ್ನು ನಾವು ಮೊದಲು ನೆನೆದದ್ದು ಅಂಥ ಒಂದು ಭೇಟಿಯಿಂದ ಹಿಂದಿರುಗುವ ದಾರಿಯಲ್ಲಿ. ಅವರಿಗೆ ಯಾವ ಉತ್ತರ ಕೊಡಬೇಕೆಂದು ಅಂದು ಹೊಳೆಯಲಿಲ್ಲ. ಆ ಕುಟುಂಬವು ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಹೋಗಿ ಬಂದಿದೆ. ಆತನಿಗೆ ಈಗ ಒಂದು ಹನಿಯೂ ಸಲ್ಲದು, ಅದು ಹಾಗೆಯೇ ಇರಬೇಕು. ಸಂಜೆ ಅವರ ಮನೆಯ ಬಾಗಿಲು ತೆರೆದಿರುತ್ತದೆ, ಪಕ್ಕದ ಮನೆಯವರು ಬಂದು ಕುಳಿತು ಕಾಫಿ ಕುಡಿದು ಹೋಗುತ್ತಾರೆ.

ಹೋರ್ನಿಂದಾಲಿನಲ್ಲಿ ಬಿಯರು ಹುದುಗಿ ಮುಗಿದ ಸಂಜೆಗೆ 'ಒಪ್‌ಸ್ಕೋಕೆ' ಎಂದು ಹೆಸರು. ತೊಟ್ಟಿಯಿಂದ ಪೀಪಾಯಿಗೆ ಬಿಯರನ್ನು ತುಂಬುವ ಹೊತ್ತು ಅದು. ಯಾರ ಮನೆಯಲ್ಲಿ ಯಾವಾಗ ಒಲೆ ಉರಿಯಿತೆಂಬುದು ಕಣಿವೆಯಲ್ಲಿ ಎಲ್ಲರಿಗೂ ತಿಳಿದೇ ಇರುತ್ತದೆ. ನೆರೆಯವರು ಬರುತ್ತಾರೆ, ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬನು ಜುನಿಪರ್ ಹೆಚ್ಚಾಯಿತೆನ್ನುತ್ತಾನೆ, ಇನ್ನೊಬ್ಬನು ಕಳೆದ ವರ್ಷದ್ದೇ ಚೆನ್ನಾಗಿತ್ತೆನ್ನುತ್ತಾನೆ. ತನ್ನ ಹುದುಗು ಕೆಟ್ಟಿರುವವನು ಹೊರಡುವ ಮುನ್ನ ಸ್ವಲ್ಪ ಕೇಳಿ ತೆಗೆದುಕೊಳ್ಳುತ್ತಾನೆ. ಉಳಿದದ್ದನ್ನು ಮನೆಯವರು ಒಣಗಿಸಿ ಎತ್ತಿಡುತ್ತಾರೆ, ತೋಮಾಸರ ದಿನ ಮತ್ತೆ ಬರುವವರೆಗೆ.